ಶಿಕ್ಷಣ ಕಾರ್ಯದರ್ಶಿ ಕುರ್ಚಿಗೆ ದಾರಿ: ಐಎಎಸ್ಸಾ, ಕೆಇಎಸ್ಸಾ?

ಹಾಜರಿಪುಸ್ತಕ:
ಶಿಕ್ಷಣ ಇಲಾಖೆಯ ಕಾರ್ಯದರ್ಶಿ ಮಟ್ಟಕ್ಕೆ ಹೋಗಬೇಕೆಂದಿದ್ದರೆ ಯುಪಿಎಸ್‌ಸಿಗೆ ಕೂರಬೇಕಾ, ಕರ್ನಾಟಕ ಶಿಕ್ಷಣ ಸೇವೆ (ಕೆಇಎಸ್) ಸೇರಿದರೂ ಆಗುತ್ತಾ? ಐಎಎಸ್ ಆದಮೇಲೆ ಶಿಕ್ಷಣದಲ್ಲೇ ಉಳಿಯಲು ಬಿಡ್ತಾರಾ? ಎಷ್ಟು ವರ್ಷ ಹಿಡಿಯುತ್ತೆ?

ಕಡತಗುಡ್ಡೆ:
ಕುರ್ಚಿಯೇ ಗುರಿಯಾದರೆ ಐಎಎಸ್. ಕೆಇಎಸ್ ಏಣಿ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕ), ಜಂಟಿ ನಿರ್ದೇಶಕ ಅಂತ ಹತ್ತಿ ನಿರ್ದೇಶಕರ ಹತ್ತಿರ ಮುಗಿಯುತ್ತದೆ. ಮೇಲಿನ ಆಯುಕ್ತರೂ ಪ್ರಧಾನ ಕಾರ್ಯದರ್ಶಿಯೂ ಐಎಎಸ್‌ನವರೇ.

ಆದರೆ ಇಲಾಖೆ ನಿಮ್ಮ ಆಯ್ಕೆಯಲ್ಲ. ಮೊದಲು ಎಸಿ (ಉಪವಿಭಾಗಾಧಿಕಾರಿ), ಆಮೇಲೆ ಜಿಲ್ಲಾ ಪಂಚಾಯಿತಿ ಸಿಇಒ, ಡಿಸಿ (ಜಿಲ್ಲಾಧಿಕಾರಿ). 16ನೇ ವರ್ಷಕ್ಕೆ ಸೂಪರ್ ಟೈಮ್ ಸ್ಕೇಲ್ ಎಂಬ ಮೇಲಿನ ವೇತನ ಶ್ರೇಣಿ, 7ನೇ ವೇತನ ಆಯೋಗದಂತೆ ಮೂಲ ವೇತನ 1,44,200 ರೂ.ನಿಂದ. ಸುಮಾರು 25 ವರ್ಷಕ್ಕೆ ಪ್ರಧಾನ ಕಾರ್ಯದರ್ಶಿ ದರ್ಜೆ. ನಿವೃತ್ತಿ 60ಕ್ಕೆ, ಲೆಕ್ಕ ಹಾಕಿಕೊಳ್ಳಿ.

ಒಂದು ಮಾತು: ಸಿಇಒ ಹುದ್ದೆ ಡಿಸಿಗಿಂತ ಸಪ್ಪೆ ಅಂತ ಮೂಗು ಮುರಿಯುವವರಿದ್ದಾರೆ. ಕೊಠಡಿ, ಶೌಚಾಲಯ, ಬಿಸಿಯೂಟದ ಲೆಕ್ಕವೆಲ್ಲ ಡಿಡಿಪಿಐ ಬಾಯಿಂದ ನೇರ ಬಿಚ್ಚಿಕೊಳ್ಳುವುದು ಸಿಇಒ ಕೂರುವ ಸಭೆಯಲ್ಲೇ.

ಷರಾ_ಬರೆದವರು:
ದೆಹಲಿ ಲೆಕ್ಕ ಬೇರೆ. ಶಿಕ್ಷಣ ಸಚಿವಾಲಯದಲ್ಲಿ ಶಾಲಾ ಶಿಕ್ಷಣಕ್ಕೊಬ್ಬರು, ಉನ್ನತ ಶಿಕ್ಷಣಕ್ಕೊಬ್ಬರು ಕಾರ್ಯದರ್ಶಿ. ಅಲ್ಲಿಗೆ ಹಿರಿತನ ಒಂದೇ ಸಾಲದು, ಎಂಪ್ಯಾನೆಲ್ ಆಗಬೇಕು, ಅಂದರೆ ಆ ದರ್ಜೆಗೆ ಅರ್ಹರೆಂದು ಕೇಂದ್ರ ಮಾಡುವ ಪಟ್ಟಿಯಲ್ಲಿ ಹೆಸರು ಬರಬೇಕು. 2007ರ ಬ್ಯಾಚ್‌ನಿಂದ ಈಚೆಗೆ ಜಂಟಿ ಕಾರ್ಯದರ್ಶಿ ಪಟ್ಟಿ ಸೇರಲು ಕೇಂದ್ರದಲ್ಲಿ ಉಪ ಕಾರ್ಯದರ್ಶಿ ಅಥವಾ ನಿರ್ದೇಶಕರಾಗಿ ಕನಿಷ್ಠ 2 ವರ್ಷ ದುಡಿದಿರಬೇಕು. ರಾಜ್ಯದಲ್ಲೇ ಬೇರುಬಿಟ್ಟವರು ಎಡವುವುದು ಇಲ್ಲೇ.

ಶಿಕ್ಷಣಕ್ಕೇ ಅಂಟಿಕೊಂಡವರು ಇಲ್ಲವೆಂದಲ್ಲ. ಅನಿಲ್ ಬೋರ್ಡಿಯಾ 1986ರ ಶಿಕ್ಷಣ ನೀತಿ ರೂಪಿಸಿದವರಲ್ಲಿ ಪ್ರಮುಖರು, ಕೇಂದ್ರದ ಶಿಕ್ಷಣ ಕಾರ್ಯದರ್ಶಿಯಾಗಿದ್ದವರು. ನಿವೃತ್ತರಾದ ಮೇಲೂ ರಾಜಸ್ಥಾನದಲ್ಲಿ ಲೋಕ್ ಜುಂಬಿಶ್ ಎಂಬ ಪ್ರಾಥಮಿಕ ಶಿಕ್ಷಣ ಯೋಜನೆ ನಡೆಸಿದರು. ಅಂಥವರು ವಿರಳ.

ಬಿಳಿಹಾಳೆ:
ಕುರ್ಚಿ ಸಿಕ್ಕಮೇಲಿನ ಕೆಲಸ ಪಾಠಪಠ್ಯದ್ದು ಅಂದುಕೊಂಡಿದ್ದರೆ ನಿರಾಸೆಯಾದೀತು. ಹೆಚ್ಚಿನದು ದುಡ್ಡು, ಅಂಕಿಅಂಶ, ಕೋರ್ಟ್ ಕೇಸು, ವರ್ಗಾವಣೆ.

ಶಾಲೆಗಳಿಗೆ ದುಡ್ಡು ಕೊಡುವ ಸಮಗ್ರ ಶಿಕ್ಷಣ ಯೋಜನೆಯನ್ನೇ ನೋಡಿ. ಖರ್ಚಿನಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ವಾರ್ಷಿಕ ಯೋಜನೆ ಹಿಡಿದು ದೆಹಲಿಯ ಅನುಮೋದನಾ ಮಂಡಳಿ ಮುಂದೆ ಕೂತಾಗ ಅವರು ತೆರೆಯುವುದು ಶಾಲೆಗಳೇ ತುಂಬುವ ಯು-ಡೈಸ್ ಮಾಹಿತಿಕೋಶದ ಅಂಕಿ. ಮುಖ್ಯ ಶಿಕ್ಷಕರು 'ದೊಡ್ಡ ದುರಸ್ತಿ' ಕಲಂನಲ್ಲಿ ತುಂಬಬೇಕಾದ ಕೊಠಡಿಯನ್ನು 'ಸುಸ್ಥಿತಿ'ಯಲ್ಲಿ ತುಂಬಿದ್ದರೆ ಬೇಡಿಕೆ ಅಲ್ಲೇ ಬಿದ್ದುಹೋಗುತ್ತದೆ. ಫೋಟೋ ತೋರಿಸಿದರೂ ನಡೆಯದು. ಇನ್ನು ಮೊದಲ ಕಂತಿನ ಬಳಕೆ ಪ್ರಮಾಣಪತ್ರ ತಡವಾದರೆ ಮುಂದಿನ ಕಂತೂ ತಡ. ಜಾಣ ಅಧಿಕಾರಿ ಸಭೆಗೆ ತಿಂಗಳುಗಳ ಮೊದಲೇ ಬಿಇಒಗಳಿಂದ ಆ ಕಲಂ ತಾಳೆ ನೋಡಿಸಿರುತ್ತಾರೆ.

ಕಡತಗುಡ್ಡೆ:
ಕೆಇಎಸ್‌ನವರಿಗೂ ಒಂದು ಕಿಂಡಿ ಇದೆ, ಬರೆಯಲು ಮರೆತೆ. 1997ರ ಆಯ್ಕೆ ನಿಯಮಾವಳಿಯಡಿ ಕೆಎಎಸ್ (ರಾಜ್ಯ ಆಡಳಿತ ಸೇವೆ) ಅಲ್ಲದ ಗೆಜೆಟೆಡ್ ಅಧಿಕಾರಿಗಳೂ ಐಎಎಸ್ ಆಗಬಹುದು. ಡೆಪ್ಯುಟಿ ಕಲೆಕ್ಟರ್‌ಗೆ ಸಮಾನ ಹುದ್ದೆಯಲ್ಲಿ 8 ವರ್ಷ ಸೇವೆ ಬೇಕು, ರಾಜ್ಯ ಸರ್ಕಾರ ಹೆಸರು ಕಳಿಸಬೇಕು, ಆಮೇಲೆ ಯುಪಿಎಸ್‌ಸಿ ಸಮಿತಿಯ ಸಂದರ್ಶನ. ಬಡ್ತಿಯಿಂದ ತುಂಬುವ ಐಎಎಸ್ ಹುದ್ದೆಗಳ ಪಾಲಿನಲ್ಲಿ ಈ ದಾರಿಗೆ ಶೇ 15ಕ್ಕಿಂತ ಹೆಚ್ಚಿಲ್ಲ, ಅದಕ್ಕೆ ಎಲ್ಲ ಇಲಾಖೆಯವರದೂ ಪೈಪೋಟಿ. ಇದನ್ನೇ ನಂಬಿ ಕೂರಬೇಡಿ.