ಟೈರ್ ಬದಲಿಸುವಾಗ ರಿಮ್‌ಗೆ ಗೀರು ಬೀಳದ ಹಾಗೆ ನೋಡಿಕೊಳ್ಳೋದು ಹೇಗೆ? ಪುಣೆಯವರು ಹೇಳಿ

ಔಂಧ್_ಗದಗ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2012ರ ಬಿಎಂಡಬ್ಲ್ಯೂ ಝಡ್4 ಇದೆ. ಸೆಕೆಂಡ್ ಹ್ಯಾಂಡ್. ಐವತ್ತು ದಾಟಿದ ಮೇಲೆ ಇದೆಂಥ ಹುಚ್ಚು ಅಂತ ಮನೆಯಲ್ಲಿ ಹೇಳಿ ಮುಗಿದಿದೆ, ನೀವು ಹೇಳುವುದು ಬೇಡ. ಎರಡೇ ಸೀಟು. ಅಮ್ಮ ಕೂತರೆ ಹೆಂಡತಿಗೆ ಜಾಗ ಇಲ್ಲ.

ಈಗ ನಾಲ್ಕೂ ಟೈರ್ ಬದಲಿಸಬೇಕು. ಮುಂದೆ 225/40 ಆರ್18, ಹಿಂದೆ 255/35 ಆರ್18, ನಾಲ್ಕೂ ರನ್‌ಫ್ಲ್ಯಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್. ಜಾಸ್ತಿ ಸವೆದಿಲ್ಲ. ಆದರೆ ಟೈರಿನ ಪಕ್ಕೆಯಲ್ಲಿ ಒತ್ತಿರುವ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ 1417, ಅಂದರೆ 2017ರ 14ನೇ ವಾರದ್ದು. ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿವೆ. ಮೊದಲ ಮಳೆಗೆ ತಾಮ್ಹಿಣಿ ಘಾಟಿನಲ್ಲಿ ಹಿಂದಿನ ಚಕ್ರ ಜಾರಿ ನನ್ನ ಜೀವ ಬಾಯಿಗೆ ಬಂತು.

ಹೆದರಿಕೆ ಟೈರಿಂದಲ್ಲ, ರಿಮ್ಮಿಂದ. ಹೋದ ವರ್ಷ ಹಿಂದಿನ ಒಂದು ಟೈರಿನ ಪಂಕ್ಚರ್ ಹಾಕಿಸೋಕೆ ಒಂದು ಅಂಗಡಿಗೆ ಹೋಗಿದ್ದೆ. ಹುಷಾರಾಗಿ ಮಾಡಪ್ಪಾ ಅಂದರೆ ಹುಡುಗ ‘ಕಾಹೀ ಹೋತ್ ನಾಹೀ ಸಾಹೇಬ್’ (ಏನೂ ಆಗಲ್ಲ ಸಾಹೇಬ್ರೇ) ಅಂದ. ನಾನು ಚಹಾ ಕುಡಿದು ಬರುವಷ್ಟರಲ್ಲಿ ರಿಮ್ಮಿನ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಅಗಲದ ಕಚ್ಚು. ಅರ್ಧಚಂದ್ರದ ಹಾಗೆ. ಮೊದಲೇ ಇತ್ತು ಅಂದರು. ಅವತ್ತು ಬೆಳಿಗ್ಗೆಯೇ ನಾನು ಹಲ್ಲುಜ್ಜುವ ಬ್ರಷ್ ಹಿಡಿದು ಆ ರಿಮ್ ತೊಳೆದಿದ್ದೆ! ಬೋಲ್ಟಿನ ತೂತಿನೊಳಗೂ ಬಳೆಯ ಹಾಗೆ ಗೀರಿದೆ.

ಈ ಸಲ ಏನು ಕೇಳಬೇಕು, ಎಲ್ಲಿ ನಿಂತು ನೋಡಬೇಕು?

ಚಿಂಚವಡ್_ಕಾಕಾ:

ನಾನು ಹುಬ್ಬಳ್ಳಿಯವ. ಮೂವತ್ತು ವರ್ಷ ಇಲ್ಲೇ ಟೈರ್ ಅಂಗಡಿಯಲ್ಲಿ ಕೆಲಸ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ. ಫೋಟೋ ಬೇಡ ಬಿಡ್ರಿ, ಆ ಕಚ್ಚು ಲಿವರಿನದು, ಅಂದರೆ ಟೈರ್ ಮೀಟಿ ಎಬ್ಬಿಸುವ ಕಬ್ಬಿಣದ ಪಟ್ಟಿಯದು. ರಿಮ್ ಸುತ್ತ ಉದ್ದಕ್ಕೆ ಗೆರೆ ಎಳೆದಿದ್ದರೆ ಟೈರ್ ಬಿಚ್ಚುವ ಮಷಿನ್ನಿನ ತಲೆಯದು. ಬೋಲ್ಟಿನ ತೂತಿನೊಳಗಿನದು ಬೋಲ್ಟ್ ಬಿಚ್ಚುವ ಗನ್ನಿಗೆ ಹಾಕಿದ ಬರೀ ಕಬ್ಬಿಣದ ಸಾಕೆಟ್ಟಿನದು. ಯಾವ ಹಲ್ಲು ಕಚ್ಚಿತು ಅಂತ ಗಾಯ ನೋಡಿದರೆ ಗೊತ್ತಾಗುತ್ತದೆ.

ಲಿವರ್ ಯಾಕೆ ಕಚ್ಚುತ್ತದೆ ಕೇಳಿ. ರಿಮ್ಮಿನ ಹೊಟ್ಟೆಯಲ್ಲಿ ಒಂದು ಹಳ್ಳ ಇರುತ್ತದೆ. ಸಾದಾ ಟೈರನ್ನು ಮೊಣಕಾಲಲ್ಲಿ ಒತ್ತಿದರೆ ಆ ಕಡೆಯ ಬೀಡ್, ಅಂದರೆ ರಿಮ್ಮಿಗೆ ಕೂರುವ ಟೈರಿನ ಅಂಚು, ಹಳ್ಳಕ್ಕೆ ಇಳಿಯುತ್ತದೆ, ಈ ಕಡೆ ಸಡಿಲ ಸಿಗುತ್ತದೆ. ರನ್‌ಫ್ಲ್ಯಾಟ್ ಗಾಳಿ ಇಲ್ಲದೆಯೂ ಗಾಡಿ ಹೊರಬೇಕಲ್ಲ, ಅದಕ್ಕೆ ಪಕ್ಕೆ ಕಲ್ಲಿನ ಹಾಗೆ ಇರುತ್ತದೆ. ಮೊಣಕಾಲಿಗೆ ಜಗ್ಗುವುದಿಲ್ಲ. ಸಡಿಲ ಸಿಗದೆ ಹುಡುಗ ಲಿವರ್ ಮೇಲೆ ಮೈಭಾರ ಹಾಕುತ್ತಾನೆ. ಲಿವರಿಗೆ ಆಸರೆ ನಿಮ್ಮ ರಿಮ್ಮಿನ ಅಂಚು. ಪಾಪ, ಅವನಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಾಗಾಗಿ ಹುಡುಗನಿಗಿಂತ ಮೊದಲು ಮಷಿನ್ ನೋಡಿ. ಟೈರನ್ನು ಮೇಲಿಂದ ಒತ್ತುವ ಇನ್ನೊಂದು ಕೈ ಇರಬೇಕು. ಲಿವರೇ ಬೇಡದ ಮಷಿನ್ ಇದ್ದರೆ ಇನ್ನೂ ಒಳ್ಳೆಯದು. ಬಾತುಕೋಳಿ ಮೂತಿಯಂಥ ತಲೆ ಇರುತ್ತದೆ ನೋಡಿ, ಅದರೊಳಗೆ ಬೆರಳು ಹಾಕಿ. ನೈಲಾನ್ ತುಂಡು ಕೈಗೆ ಸಿಗಬೇಕು. ಸವೆದು ಉಕ್ಕು ತಾಗಿದರೆ ಅಲ್ಲಿಂದ ಎದ್ದು ಬನ್ನಿ. ಗೋಡೆಯ ಬಣ್ಣ, ಏಸಿ ಕೋಣೆ, ಇವೆಲ್ಲ ಏನೂ ಹೇಳುವುದಿಲ್ಲ. ಬೀಡ್ ಬಿಡಿಸುವ ಸಲಿಕೆಯನ್ನು ಅಂಚಿನಿಂದ ಒಂದು ಬೆರಳು ದೂರ ಇಡಬೇಕು. ನಾವು ಹಳೇ ಟ್ಯೂಬಿನ ತುಂಡು ಅಡ್ಡ ಇಡುತ್ತಿದ್ದೆವು. ಸೋಪ್ ಪೇಸ್ಟ್ ಹಚ್ಚುವುದರಲ್ಲಿ ಜಿಪುಣತನ ಮಾಡಬಾರದು.

ಮಳೆಗಾಲ ಕಳೆದ ಗಾಡಿ ಆದರೆ ಅಲಾಯ್ ರಿಮ್ ಹಬ್‌ಗೆ (ಚಕ್ರ ಕೂರುವ ಗಾಡಿಯ ಭಾಗಕ್ಕೆ) ಕಚ್ಚಿಕೊಂಡಿರುತ್ತದೆ. ಸ್ಪೋಕಿಗೆ ಸುತ್ತಿಗೆ ಏಟು ಹಾಕಲು ಬಿಡಬೇಡಿ. ಒಂದು ಬೋಲ್ಟ್ ನಾಲ್ಕು ಸುತ್ತು ಉಳಿಸಿಕೊಂಡು, ಹಿಂದಿನಿಂದ ಟೈರಿಗೆ ರಬ್ಬರ್ ಸುತ್ತಿಗೆಯಲ್ಲಿ ಬಡಿದರೆ ಸಾಕು, ಬರುತ್ತದೆ.

ಇನ್ನೊಂದು. ಮಷಿನ್ನಿಗಿಂತ ಜಾಸ್ತಿ ಗೀರು ಬೀಳುವುದು ನೆಲದ ಮೇಲೆ. ಚಕ್ರ ಬಿಚ್ಚಿ ಮುಖ ಕೆಳಗೆ ಮಾಡಿ ಸಿಮೆಂಟಿನ ಮೇಲೆ ಎಸೆದಿರುತ್ತಾರೆ. ಮನೆಯಲ್ಲಿ ಹಳೇ ಕೌದಿ ಇದ್ದರೆ ಒಯ್ಯಿರಿ. ಹಾಗೇ ಚಾಕ್‌ಪೀಸಿನಲ್ಲಿ ಒಳಬದಿಗೆ ಮುಂದಿನದು, ಹಿಂದಿನದು ಅಂತ ಬರೆಯಿರಿ. ನಿಮ್ಮದು ಮುಂದೆ 8, ಹಿಂದೆ 8.5 ಇಂಚು ಅಗಲದ ರಿಮ್ ಇರಬೇಕು. ಬಿಚ್ಚಿಟ್ಟರೆ ಅಣ್ಣ ತಮ್ಮ ಇದ್ದ ಹಾಗೆ.

ಮೀರಾ_ಬಾಣೇರ್:

ಕಾಕಾ ಹೇಳಿದ್ದೆಲ್ಲ ಸರಿ. ಒಂದು ಮಾತು ಸೇರಿಸುತ್ತೇನೆ. ನಿಮ್ಮ ರಿಮ್ ಡೈಮಂಡ್ ಕಟ್ ಹೌದಾ ನೋಡಿ ಸರ್. ಮುಖದ ಮೇಲೆ ಹಳೇ ಗ್ರಾಮಫೋನ್ ತಟ್ಟೆಯಂಥ ಸಣ್ಣ ಗೆರೆಗಳಿದ್ದರೆ ಹೌದು. ಅದಕ್ಕೆ ಪುಟ್ಟಿ ಹಾಕಿ ಬೆಳ್ಳಿ ಬಣ್ಣ ಹೊಡೆದರೆ ತೇಪೆ ಎದ್ದು ಕಾಣುತ್ತದೆ. ನನ್ನ ಆಡಿ ಟಿಟಿಗೆ ಹಾಗೇ ಮಾಡಿಸಿ ಕೈ ಸುಟ್ಟುಕೊಂಡೆ. ಲೇತ್ ಮೇಲೆ ಮತ್ತೆ ಕಟ್ ಮಾಡಿಸಬಹುದು. ಆದರೆ ಪ್ರತಿ ಸಲ ಲೋಹದ ಒಂದು ಪದರ ಹೋಗುತ್ತದೆ, ಹಾಗಾಗಿ ಸುಮ್ನೆ ಸುಮ್ನೆ ಮಾಡಿಸೋ ಕೆಲಸ ಅಲ್ಲ. ಹಾಗಂತ ಕಚ್ಚನ್ನು ಬಿಡಲೂಬೇಡಿ. ಲ್ಯಾಕರ್ ಒಡೆದ ಕಡೆ ಮಳೆನೀರು ಒಳಗೆ ಹೋಗಿ ಬಿಳಿ ಹುಳ ಹರಿದ ಹಾಗೆ ಗೆರೆ ಬೀಳುತ್ತದೆ. ಮಾಡಿಸೋದಾದರೆ ಹಳೇ ಟೈರ್ ತೆಗೆದು, ಹೊಸದು ಹಾಕುವ ಮೊದಲೇ ಮಾಡಿಸಿ.

ಬ್ಯಾಲೆನ್ಸಿಂಗ್ ತೂಕ ಒಳಗೆ ಅಂಟಿಸುವುದೇ ಇರಲಿ. ಅಂಚಿಗೆ ಬಡಿದು ಕೂರಿಸುವ ಕ್ಲಿಪ್ ಬೇಡವೇ ಬೇಡ.

ಘಾಟ್‌ಸವಾರ:

ರನ್‌ಫ್ಲ್ಯಾಟ್ ಬಿಟ್ಟು ಸಾದಾ ಟೈರ್ ಹಾಕಿಸಿ ಅಣ್ಣಾ. ರಿಮ್ಮಿಗೂ ಸೊಂಟಕ್ಕೂ ಒಳ್ಳೆಯದು. ನಾನು ಹಾಗೇ ಮಾಡಿದ್ದೇನೆ. ಹಾಕಿದರೆ ನಾಲ್ಕೂ ಒಂದೇ ಥರ ಇರಲಿ, ಬೆರಕೆ ಬೇಡ. ಡಿಕ್ಕಿಯಲ್ಲಿ ಪಂಕ್ಚರ್ ಮುಚ್ಚುವ ಪ್ಲಗ್ ಕಿಟ್, 12 ವೋಲ್ಟಿನ ಪಂಪ್ ಇಟ್ಟುಕೊಳ್ಳಿ.

ಔಂಧ್_ಗದಗ:

ಆಸೆ ಆಯ್ತು, ಧೈರ್ಯ ಆಗಲಿಲ್ಲ ತಮ್ಮಾ. ಸ್ಟೆಪ್ನಿ ಇಲ್ಲದ ಗಾಡಿ. ರನ್‌ಫ್ಲ್ಯಾಟ್ ಆದರೆ ಗಾಳಿ ಹೋದರೂ 80ರ ವೇಗದಲ್ಲಿ ಸುಮಾರು 80 ಕಿ.ಮೀ. ಓಡುತ್ತದೆ ಅನ್ನುತ್ತಾರೆ. ಖಂಡಾಳಾ ಘಾಟಿನಲ್ಲಿ ರಾತ್ರಿ ಟ್ರಕ್ಕುಗಳ ನಡುವೆ ಅಮ್ಮನನ್ನು ಕೂರಿಸಿಕೊಂಡು ಪ್ಲಗ್ ಚುಚ್ಚೋ ವಯಸ್ಸು ನನ್ನದಲ್ಲ. ಮತ್ತೆ ರನ್‌ಫ್ಲ್ಯಾಟೇ ಹಾಕಿಸುತ್ತೇನೆ.

ಔಂಧ್_ಗದಗ, ಹನ್ನೊಂದು ದಿನದ ನಂತರ:

ಕೆಲಸ ಆಯ್ತು. ಎಷ್ಟು ದುಡ್ಡು ಬಿತ್ತು ಅಂತ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಓದುತ್ತಾರೆ.

ಮೂರು ಅಂಗಡಿಯಲ್ಲಿ ಮಷಿನ್ ತಲೆಗೆ ಬೆರಳು ಹಾಕಿದೆ. ಒಂದು ಕಡೆ ಬೈಸಿಕೊಂಡೆ. ಎರಡನೆಯ ಕಡೆ ನೈಲಾನೇ ಇರಲಿಲ್ಲ. ಮೂರನೆಯದರಲ್ಲಿ ಹೊಸ ನೈಲಾನ್, ಒತ್ತುವ ಕೈಯೂ ಇತ್ತು. ಅಲ್ಲೇ ಸ್ಟೂಲ್ ಹಾಕಿಕೊಂಡು ಎರಡೂವರೆ ಗಂಟೆ ಕೂತೆ. ಈ ಸಲ ಚಹಾಕ್ಕೂ ಏಳಲಿಲ್ಲ.

ಕೌದಿ ಹಾಸಿದ್ದು ನೋಡಿ ಹುಡುಗರು ಮೊದಲು ನಕ್ಕರು. ಆಮೇಲೆ ಅವರೇ ಚಕ್ರವನ್ನು ಮಗು ಮಲಗಿಸಿದ ಹಾಗೆ ಅದರ ಮೇಲೆ ಮಲಗಿಸುತ್ತಿದ್ದರು. ಚಾಕ್‌ಪೀಸ್ ಮಾತು ಹೇಳಿದ್ದಕ್ಕೆ ಕಾಕಾಗೆ ದೊಡ್ಡ ನಮಸ್ಕಾರ. ಒಬ್ಬ 255ರ ಟೈರನ್ನು ಮುಂದಿನ ರಿಮ್ಮಿಗೆ ಹಾಕೋಕೆ ಸೋಪ್ ಕೂಡ ಹಚ್ಚಿದ್ದ! ಬೋಲ್ಟುಗಳನ್ನು ಕೈಯಲ್ಲೇ ಕೂರಿಸಿ ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ಪಾನಾದಲ್ಲಿ 120 ಎನ್‌ಎಂಗೆ (ನ್ಯೂಟನ್ ಮೀಟರ್) ಬಿಗಿ ಮಾಡಿದರು. ಮೊನ್ನೆ ಲೋಣಾವಳಕ್ಕೆ ಹೋಗಿ ಬಂದ ಮೇಲೆ ಮತ್ತೊಮ್ಮೆ ಬಿಗಿ ನೋಡಿದೆ, ಒಂದೂ ಅಲ್ಲಾಡಿಲ್ಲ.

ನಾಲ್ಕೂ ರಿಮ್‌ಗೆ ಟಾರ್ಚ್ ಬಿಟ್ಟು ಹುಡುಕಿದೆ. ಹೊಸ ಗೀರು ಒಂದೂ ಇಲ್ಲ. ಹಳೇ ಕಚ್ಚು ಹಾಗೇ ಇದೆ. ಮೀರಾ ಅವರೇ, ನನ್ನದು ಡೈಮಂಡ್ ಕಟ್ ಅಲ್ಲ, ಪೂರ್ತಿ ಬಣ್ಣದ್ದು. ಹಾಗಾಗಿ ಸದ್ಯಕ್ಕೆ ಅದೇ ಬಣ್ಣ ಸವರಿ ಲ್ಯಾಕರ್ ಮುಚ್ಚಿದ್ದೇನೆ.

ಈಗ ಒಂದೇ ತೊಂದರೆ. ಕೌದಿ ಅಮ್ಮನ ಕೈಯದು, ಅಜ್ಜಿಯ ಇಳಕಲ್ ಸೀರೆಯ ತುಂಡೆಲ್ಲ ಸೇರಿಸಿ ಹೊಲಿದದ್ದು. ಹಳೆಯದು ಅಂತ ಹೇಳದೆ ಒಯ್ದಿದ್ದೆ. ಈಗ ಅದರ ನಡುವೆ ಒಂದು ಚಕ್ರದಷ್ಟು ಅಗಲದ ಗ್ರೀಸ್ ಕಲೆ. ಕಾಕಾ, ಗ್ರೀಸ್ ತೆಗೆಯೋಕೆ ಅಂಗಡಿಯಲ್ಲಿ ಏನು ಹಚ್ಚುತ್ತಿದ್ದಿರಿ? ಸ್ವಲ್ಪ ಬೇಗ ಹೇಳಿ.