ಕ್ರೈಮ್ ಅಂಡ್ ಪನಿಶ್‌ಮೆಂಟ್: ಕೊಲೆ ಆದ ಮೇಲೆ ಪುಟ ಮುಂದಕ್ಕೆ ಹೋಗುತ್ತಿಲ್ಲ, ಏನು ಮಾಡಲಿ?

ಕೇಳಿದವರು: ದಸ್ತಯೇವ್‌ಸ್ಕಿಯ ಈ ಕಾದಂಬರಿಯನ್ನು ಎರಡನೇ ಸಲ ಕೈಗೆತ್ತಿಕೊಂಡಿದ್ದೇನೆ, ಇಂಗ್ಲಿಷ್ ಅನುವಾದದಲ್ಲಿ. ಮೊದಲ ಭಾಗ ಮುಗಿಯಿತು, ಗಿರವಿ ಮುದುಕಿಯ ಕೊಲೆಯೂ ಆಯಿತು. ಕೊಂದವನು ಯಾರು ಅಂತ ಗೊತ್ತಾದ ಮೇಲೆ ಇನ್ನೂ ಐದು ಭಾಗ ಯಾಕೆ ಓದಬೇಕು? ಜೊತೆಗೆ ಹೆಸರುಗಳ ಕಾಟ, ಒಬ್ಬೊಬ್ಬರಿಗೆ ಮೂರು ಹೆಸರು. ಓದಿ ಮುಗಿಸಿದವರು ಹೇಗೆ ದಾಟಿದಿರಿ, ಸ್ವಲ್ಪ ಹೇಳಿ.

ಉತ್ತರ 1: ನಾನೂ ಸರಿಯಾಗಿ ಅಲ್ಲೇ ಬಿಟ್ಟಿದ್ದೆ. ಕಾಲೇಜಿನಲ್ಲಿದ್ದಾಗ, ದೊಡ್ಡ ತತ್ವದ ಪುಸ್ತಕ ಅಂತ ಪೆನ್ಸಿಲ್ ಹಿಡಿದುಕೊಂಡು ಕೂತಿದ್ದೆ. ಅದೇ ತಪ್ಪಾಯಿತು.

ಮತ್ತೆ ಓದಿದ್ದು ಕೆಲಸ ಹೋಗಿ ವಿಜಯನಗರದಲ್ಲಿ ಮಹಡಿ ಮೇಲಿನ ಒಂದು ರೂಮಿನಲ್ಲಿದ್ದಾಗ. ಎರಡು ತಿಂಗಳ ಬಾಡಿಗೆ ಬಾಕಿ. ಓನರ್ ಆಂಟಿಯ ಅಡುಗೆಮನೆ ಕಿಟಕಿ ಮೆಟ್ಟಿಲ ಪಕ್ಕಕ್ಕೇ ಇತ್ತು. ಒಗ್ಗರಣೆ ಹಾಕುವ ಹೊತ್ತು ಕಾದು, ಚಪ್ಪಲಿ ಕೈಯಲ್ಲಿ ಹಿಡಿದು, ಸಾಸಿವೆ ಸಿಡಿಯುವುದು ನಿಲ್ಲುವಷ್ಟರಲ್ಲಿ ಗೇಟು ದಾಟಿಬಿಡುತ್ತಿದ್ದೆ. ಆ ದಿನಗಳಲ್ಲಿ ಸುಮ್ನೆ ಮೊದಲ ಪುಟ ತೆರೆದರೆ, ಪೀಟರ್ಸ್‌ಬರ್ಗ್‌ನ ಜುಲೈ ಸೆಕೆಯಲ್ಲಿ ಕಥಾನಾಯಕ ರಾಸ್ಕೋಲ್ನಿಕೋವ್ ಮಾಡುತ್ತಿರುವುದೂ ಅದೇ! ಬಾಡಿಗೆ ಕೊಟ್ಟಿಲ್ಲ. ಮನೆಯೊಡತಿಯ ಅಡುಗೆಮನೆ ಬಾಗಿಲು ಹೆಚ್ಚು ಕಡಿಮೆ ಯಾವಾಗಲೂ ತೆರೆದೇ ಇರುತ್ತದೆ. ಬೆಕ್ಕಿನ ಹಾಗೆ ಇಳಿದು ಹೋಗುತ್ತಾನೆ. ಮೊದಲ ಸಲ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆಮೇಲೆ ಇಡೀ ಪುಸ್ತಕವನ್ನು ದುಡ್ಡಿನ ಲೆಕ್ಕ ಹಿಡಿದು ಓದಿದೆ, ನೀವೂ ಹಾಗೆ ಮಾಡಿ ನೋಡಿ. ಅಪ್ಪನ ಗಡಿಯಾರ ಗಿರವಿ ಇಡಲು ಹೋಗಿ 4 ರೂಬಲ್ ಕೇಳುತ್ತಾನೆ. ಮುದುಕಿ ಒಂದೂವರೆ ಅನ್ನುತ್ತಾಳೆ. ಅದರಲ್ಲೂ ಇದರ ಬಡ್ಡಿ, ಹಿಂದಿನ ಸಾಲದ ಬಡ್ಡಿ ಎಲ್ಲ ಮೊದಲೇ ಮುರಿದುಕೊಂಡು ಕೈಗಿಡುವುದು 1 ರೂಬಲ್ 15 ಕೊಪೆಕ್ (ಕೊಪೆಕ್ ಅಂದರೆ ಅಲ್ಲಿನ ಪೈಸೆ). ಅವನು ತೆಗೆದುಕೊಳ್ಳುತ್ತಾನೆ! ಒಡವೆ ಅಡ ಇಟ್ಟವರಿಗೆ ಆ ಅರ್ಧ ಪುಟ ಸಾಕು. ಆಮೇಲೆ ಅಮ್ಮನ ಕಾಗದ. ಉದ್ದ ಅಂತ ಹಾರಿಸಿದ್ದರೆ ವಾಪಸ್ ಹೋಗಿ ಓದಿ. ವರ್ಷಕ್ಕೆ 120 ರೂಬಲ್ ಪಿಂಚಣಿ ಬರುವ ಹೆಂಗಸು, ಅದನ್ನೇ ತೋರಿಸಿ ಸಾಲ ತಂದು ಮಗನಿಗೆ ಕಳಿಸುತ್ತಾಳೆ.

ಈಗ ನಿಮ್ಮ ಪ್ರಶ್ನೆಗೆ. ಕೊಲೆ ಮಾಡಿ ಪರ್ಸ್ ತಂದನಲ್ಲ, ಅದನ್ನು ಅವನು ಬಿಚ್ಚಿಯೂ ನೋಡುವುದಿಲ್ಲ, ಒಂದು ಅಂಗಳದಲ್ಲಿ ಕಲ್ಲಿನ ಕೆಳಗೆ ಇಟ್ಟು ಬರುತ್ತಾನೆ. ಇತ್ತ ಅಮ್ಮನ 35 ರೂಬಲ್ ಬಂದಾಗ ಗೆಳೆಯ ರಜುಮಿಖಿನ್ ಸೆಕೆಂಡ್‌ಹ್ಯಾಂಡ್ ಟೋಪಿ, ಪ್ಯಾಂಟು, ಬೂಟು ತಂದು ಒಂದೊಂದರ ರೇಟು ಹೇಳಿ ಮೆರೆಯುತ್ತಾನೆ. ಉಳಿದದ್ದನ್ನು ರಾಸ್ಕೋಲ್ನಿಕೋವ್ ಗಾಡಿಗೆ ಸಿಕ್ಕಿ ಸತ್ತ ಒಬ್ಬ ಕುಡುಕನ ಹೆಂಡತಿಗೆ ಕೊಟ್ಟುಬಿಡುತ್ತಾನೆ. ಹಾಗಾದರೆ ಕೊಂದಿದ್ದು ಯಾಕೆ? ಉಳಿದ ಐದು ಭಾಗ ಇದರ ಹಿಂದೆಯೇ ಓಡುತ್ತದೆ. ಅವನೂ ಒಂದೊಂದು ಸಲ ಒಂದೊಂದು ಕಾರಣ ಹೇಳುತ್ತಾನೆ. ಅಂದಹಾಗೆ 1866ರಲ್ಲಿ ಇದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಮೊದಲ ಭಾಗ ಜನವರಿಯಲ್ಲೇ ಅಚ್ಚಾಗಿತ್ತು, ಅಂದರೆ ಕೊಲೆಗಾರ ಯಾರು ಅಂತ ಗೊತ್ತಿದ್ದೂ ಜನ ಡಿಸೆಂಬರ್‌ವರೆಗೆ ಕಾದು ಓದಿದ್ದಾರೆ.

ಬರೆದವನೂ ಅಷ್ಟೇ. 1865ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಜೂಜಾಡಿ ಕೈ ಖಾಲಿ. ಹೋಟೆಲಿನವರು ಊಟ ನಿಲ್ಲಿಸಿ ಬರೀ ಚಹಾ ಕೊಡುತ್ತಿದ್ದರು. ಈ ಕತೆ ಬರೆದುಕೊಡುತ್ತೇನೆ ಅಂತ ಸಂಪಾದಕರಿಗೆ ಕಾಗದ ಹಾಕಿದ್ದು ಆ ಹೊತ್ತಿನಲ್ಲೇ.

ಉತ್ತರ 2: ದುಡ್ಡಿನ ಲೆಕ್ಕ ಚೆನ್ನಾಗಿದೆ, ಆದರೆ ನನ್ನನ್ನು ಎಳೆದುಕೊಂಡು ಹೋದದ್ದು ಪೋರ್ಫಿರಿ ಪೆತ್ರೋವಿಚ್. ತನಿಖಾಧಿಕಾರಿ. ಮೂರನೇ ಭಾಗದಲ್ಲಿ ಬರುತ್ತಾನೆ. ನಗುತ್ತಾನೆ, ಹರಟುತ್ತಾನೆ, ನೇರವಾಗಿ ಏನೂ ಕೇಳುವುದಿಲ್ಲ. ಅಲ್ಲಿವರೆಗೆ ಹೇಗಾದರೂ ತಳ್ಳಿ.

ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ರೊಡಿಯೋನ್ ಅನ್ನುವುದು ರಾಸ್ಕೋಲ್ನಿಕೋವ್‌ನ ಹೆಸರು, ರೊಮಾನೋವಿಚ್ ಅಂದರೆ ರೊಮಾನನ ಮಗ, ಮನೆಯಲ್ಲಿ ಕರೆಯುವುದು ರೋದ್ಯಾ. ತಂಗಿ ಅವ್ದೋತ್ಯಾ ರೊಮಾನೋವ್ನಾ, ಮನೆಯಲ್ಲಿ ದುನ್ಯಾ. ನಮ್ಮಲ್ಲಿ ಸುಬ್ರಹ್ಮಣ್ಯನಿಗೆ ಸುಬ್ಬು ಅನ್ನಲ್ವಾ, ಹಾಗೆ. ಹಿಂದಿನ ಖಾಲಿ ಹಾಳೆಯಲ್ಲಿ ಹತ್ತು ಹೆಸರು ಬರೆದಿಟ್ಟುಕೊಂಡರೆ ಮುಗಿಯಿತು. ಇನ್ನು ಆ ಪರ್ಸಿನಲ್ಲಿದ್ದದ್ದು 317 ರೂಬಲ್, ಜೊತೆಗೆ 20 ಕೊಪೆಕ್‌ನ ಮೂರು ನಾಣ್ಯ. ಕಲ್ಲಿನ ಕೆಳಗೆ ಕೆಲವು ನೋಟು ಹಾಳಾಗಿಯೂ ಹೋಗಿದ್ದವು.

ಉತ್ತರ 1: ಅಯ್ಯೋ, ಅದು ಕೊನೆಯಲ್ಲಿ ಬರುತ್ತೆ ಸ್ವಾಮಿ. ನಾನು ಬೇಕಂತಲೇ ಬಿಟ್ಟಿದ್ದೆ.

ಕೇಳಿದವರು: ಪರವಾಗಿಲ್ಲ ಸರ್, ಈಗ ಜಾಸ್ತಿ ಕುತೂಹಲ ಬಂತು. ಅಮ್ಮನ ಕಾಗದ ನಿಜವಾಗಿಯೂ ಹಾರಿಸಿದ್ದೆ, ಇವತ್ತು ರಾತ್ರಿ ಅಲ್ಲಿಂದಲೇ ಶುರು. ಕೊನೆಗೆ ಆಂಟಿಗೆ ಬಾಡಿಗೆ ಕೊಟ್ಟಿರಾ?

ಉತ್ತರ 1: ಕೊಟ್ಟೆ, ಮೂರು ತಿಂಗಳದ್ದು ಒಟ್ಟಿಗೆ. ಎಣಿಸಿಕೊಂಡು, "ದಿನಾ ಒಗ್ಗರಣೆ ಹೊತ್ತಿಗೇ ಇಳೀತಿದ್ದೆ ಅಲ್ವೇನಪ್ಪಾ" ಅಂದರು.