ಸ್ಕ್ಯಾನರಿನ ಗಾಜಿನ ಮೇಲಿಟ್ಟು ತೆಗೆದ ಚಿತ್ರಕ್ಕೆ ‘ಛಾಯಾಚಿತ್ರ’ ಸಲ್ಲುತ್ತದೆಯೇ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಜರಿಗಿಡ, ಅಡಿಕೆಯ ಹಿಂಗಾರ, ವೀಳ್ಯದೆಲೆಗಳನ್ನು ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿಟ್ಟು ತೆಗೆದ ಚಿತ್ರಗಳು ಶಿವಮೊಗ್ಗದಲ್ಲಿ ಪ್ರದರ್ಶನಕ್ಕೆ ಸಿದ್ಧವಾಗುತ್ತಿವೆ. ಅಡಿಬರಹದಲ್ಲಿ ಇವನ್ನು ಛಾಯಾಚಿತ್ರ ಅನ್ನುವುದೋ, ಅಚ್ಚು ಅನ್ನುವುದೋ? ‘ಡೆಪ್ತ್ ಆಫ್ ಫೀಲ್ಡ್’ಗೂ ನೋಡುಗರಿಗೆ ತಿಳಿಯುವ ಮಾತು ಸೂಚಿಸಿ.

ಉತ್ತರ: ಛಾಯಾಚಿತ್ರ ಬೇಡ. ಆ ಪದ ಕೇಳಿದ ಕೂಡಲೇ ಕ್ಯಾಮೆರಾ ನೆನಪಾಗುತ್ತದೆ, ಅದು ಒಂದು ಕಡೆ ನಿಂತು ಇಡೀ ದೃಶ್ಯವನ್ನು ಒಮ್ಮೆಗೇ ಹಿಡಿಯುತ್ತದೆ. ಸ್ಕ್ಯಾನರಿನಲ್ಲಿ ದೀಪ ಹೊತ್ತ ಪಟ್ಟಿ ಗಾಜಿನಡಿ ಸರಿಯುತ್ತಾ ಸಾಲುಸಾಲಾಗಿ ಓದುತ್ತದೆ. ಹಾಗಾಗಿ ಚಿತ್ರದ ಒಂದು ತುದಿಗೂ ಇನ್ನೊಂದಕ್ಕೂ ನಡುವೆ ಹೊತ್ತು ಕಳೆದಿರುತ್ತದೆ. ಫ್ಯಾನ್ ಗಾಳಿಗೆ ಎಲೆ ಅಲುಗಿದರೆ ಆ ಜಾಗ ಮಾತ್ರ ಸೊಟ್ಟಗಾಗಿ, ಅಂಚಿನಲ್ಲಿ ಕೆಂಪು, ಹಸಿರು, ನೀಲಿ ಗೆರೆಗಳು ಏಳುತ್ತವೆ. ಮೂರು ಬಣ್ಣಗಳನ್ನು ಯಂತ್ರ ಒಂದೇ ಕ್ಷಣದಲ್ಲಿ ಓದುವುದಿಲ್ಲ.

ಅಚ್ಚು ಎಂಬುದಕ್ಕೆ ಬೇರೆ ಜಾಗವಿದೆ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ 1843ರಿಂದ ಪ್ರಕಟಿಸಿದ ಕಡಲಪಾಚಿಯ ನೀಲಿ ಚಿತ್ರಗಳಲ್ಲಿ ಪಾಚಿ, ಬಿಸಿಲಿಗೆ ನೀಲಿಯಾಗುವ ಲೇಪದ ಕಾಗದದ ಮೇಲೆಯೇ ಕೂತಿತ್ತು, ಬಿಸಿಲು ತಾಗದ ಭಾಗ ಬಿಳಿಯಾಗಿ ಉಳಿಯಿತು. ಅದು ಅಚ್ಚು. ಸ್ಕ್ಯಾನರ್ ಹಿಡಿಯುವುದು ನೆರಳನ್ನಲ್ಲ, ವಸ್ತುವಿನಿಂದ ಮರಳಿದ ಬೆಳಕನ್ನು. ಅದಕ್ಕೇ ಎಲೆಯ ನರ, ಹಿಂಗಾರದ ಕೆನೆಬಣ್ಣ ಎಲ್ಲ ಸಿಗುತ್ತದೆ. ಚಿತ್ತಾರ ಎಂದು ಯಾರಾದರೂ ಸೂಚಿಸಿದರೂ ಒಪ್ಪಬೇಡಿ. ನಮ್ಮ ಸೀಮೆಯಲ್ಲಿ ಅದು ದೀವರ ಸಮುದಾಯದ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಲ್ಲಿ ಗೋಡೆಗೆ ಬರೆಯುವ ಹಸೆಯ ಹೆಸರು, ಅವರಲ್ಲೇ ಇರಲಿ. ‘ಸ್ಕ್ಯಾನ್‌ಚಿತ್ರ’ ಎಂದು ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ.

ಡೆಪ್ತ್ ಆಫ್ ಫೀಲ್ಡ್‌ಗೆ, ಅಂದರೆ ಎಷ್ಟು ದೂರದವರೆಗಿನ ಭಾಗ ಮಸುಕಾಗದೆ ಕಾಣುತ್ತದೆ ಎಂಬುದಕ್ಕೆ, ‘ನಿಚ್ಚಳದ ಆಳ’ ಅನ್ನಬಹುದು. ಈ ಚಿತ್ರಗಳ ಚೆಲುವೆಲ್ಲ ನಿಂತಿರುವುದು ಅದರ ಮೇಲೆ, ಆದ್ದರಿಂದ ಒಂದು ಸಾಲು ವಿವರಣೆಯೂ ಇರಲಿ. ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುವ ತೆಳು ಸ್ಕ್ಯಾನರುಗಳು ಸಾಮಾನ್ಯವಾಗಿ ಸಿಐಎಸ್ ಬಗೆಯವು, ಅಂದರೆ ಬೆಳಕು ಓದುವ ಸಂವೇದಕದ ಸಾಲು ಗಾಜಿನ ತೀರ ಹತ್ತಿರವೇ ಇರುವಂಥವು. ಗಾಜಿನಿಂದ ಒಂದೆರಡು ಮಿಲಿಮೀಟರ್ ಮೇಲೆದ್ದರೆ ಸಾಕು, ಅವುಗಳಲ್ಲಿ ಮಸುಕು. ಕನ್ನಡಿ, ಮಸೂರ ಇರುವ ದಪ್ಪನೆಯ, ಸಿಸಿಡಿ ಎಂಬ ಇನ್ನೊಂದು ಬಗೆಯ ಯಂತ್ರದಲ್ಲಿ ಆಳ ಹೆಚ್ಚು. ಹಿಂಗಾರದಂಥ ಉಬ್ಬಿದ ವಸ್ತುವಿಗೆ ಅದೇ ಬೇಕು. ಮುಚ್ಚಳ ತೆರೆದಿಟ್ಟು, ಒಳಗೆ ಕಪ್ಪು ಬಟ್ಟೆ ಅಂಟಿಸಿದ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ಕೋಣೆಯ ದೀಪ ಆರಿಸಿ. ಗಾಜಿನಿಂದ ದೂರ ಹೋದಂತೆ ದೀಪದ ಬೆಳಕು ಬೇಗ ಕುಗ್ಗುವುದರಿಂದ ಹಿನ್ನೆಲೆ ತಾನೇ ಕಪ್ಪಾಗುತ್ತದೆ. ಮುಚ್ಚಳ ಹಾಕಿದರೆ ಬಿಳಿ ಹಿನ್ನೆಲೆ, ಜೊತೆಗೆ ಜಜ್ಜಿದ ಎಲೆ.

ಮಳೆಗಾಲದ ಹಸಿ ಎಲೆಯನ್ನು ಹಾಗೇ ಇಡಬೇಡಿ, ಗಾಜಿಗೆ ಹಬೆ ಕಟ್ಟಿ ಎಲೆಯ ಸುತ್ತ ಬೂದು ಮಬ್ಬು ಬರುತ್ತದೆ. ನೀರು ಒರೆಸಿ, ಹಳೆ ಪೇಪರಿನ ನಡುವೆ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ.

ಇನ್ನೊಂದು ತೊಡಕು ‘ಮೇಲೆ, ಕೆಳಗೆ’. ಚಿತ್ರದಲ್ಲಿ ಕಾಣುವುದು ಗಾಜಿಗೆ ಮುಖಮಾಡಿದ ಮಗ್ಗುಲು. ಜರಿಯ ಎಲೆಯಡಿಯ ಕಂದು ಬೀಜಕದ ಚುಕ್ಕೆಗಳು ಬೇಕಿದ್ದರೆ ಎಲೆಯನ್ನು ಸಹಜವಾಗಿಯೇ ಇಡಿ. ವೀಳ್ಯದೆಲೆಯ ಹೊಳಪು ಬೇಕಿದ್ದರೆ ಮಗುಚಿ. ಅಡಿಬರಹದಲ್ಲಿ ‘ಗಾಜಿನ ಕಡೆ’ ಎಂದರೆ ಗೊಂದಲವಿಲ್ಲ.

ಅಳತೆಯನ್ನೂ ಬರೆಯಿರಿ. ಗಾಜಿಗೆ ತಾಗಿದ ಭಾಗದ ಅಳತೆ ಈ ಚಿತ್ರಗಳಲ್ಲಿ ನಂಬುವಂತಿರುತ್ತದೆ: 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ತೆಗೆದು 300ರಲ್ಲಿ ಮುದ್ರಿಸಿದರೆ ಉದ್ದ, ಅಗಲ ಎರಡೂ ಇಮ್ಮಡಿ. ಹೀಗಿರಬಹುದು: ‘ಜರಿಗಿಡ. ಸ್ಕ್ಯಾನ್‌ಚಿತ್ರ. ನಿಜ ಅಳತೆಯ ಎರಡು ಪಟ್ಟು. ಎಲೆಯ ಅಡಿ ಗಾಜಿನ ಕಡೆ.’